ಐದು ವಾರದ ಕೆಮ್ಮು, ಮನೆಗೆ ಬರಲಿರುವ ಬಸುರಿ ತಂಗಿ: ಅನುಭವ ಇದ್ದವರು ಹೇಳಿ

ಕೇಳಿದವರು: ನನಗೆ 38 ವರ್ಷ. ಐದು ವಾರದಿಂದ ಕೆಮ್ಮು. ಹಗಲು ಹೇಗೋ ಕಳೆಯುತ್ತೆ, ರಾತ್ರಿ ಶುರುವಾದರೆ ಉಸಿರೆಳೆಯೋಕೂ ಬಿಡಲ್ಲ, ಉಂಡಿದ್ದೆಲ್ಲ ವಾಂತಿ. ಜ್ವರ ಇಲ್ಲ. ಕಫ ಪರೀಕ್ಷೆ, ಎಕ್ಸ್‌ರೇ ಆಯ್ತು, ಟಿಬಿ ಅಲ್ಲ. ಈಗ ಡಾಕ್ಟರು ನಾಯಿಕೆಮ್ಮಿರಬಹುದು ಅಂತಾರೆ. ಅದು ಮಕ್ಕಳ ಕಾಯಿಲೆ ಅಲ್ವಾ? ತಂಗಿಗೆ ಏಳು ತಿಂಗಳು, ಹೆರಿಗೆಗೆ ನಮ್ಮನೆಗೇ ಬರ್ತಾಳೆ.

ಶಿವಮೊಗ್ಗದ ಟೀಚರ್: ನನಗೂ ಬಂದಿತ್ತು. ಮಕ್ಕಳ ಹಾಗೆ 'ಹೂಪ್' ಅಂತ ಸದ್ದು ಬರಲೇ ಇಲ್ಲ, ಅದಕ್ಕೇ ಯಾರಿಗೂ ಹೊಳೀಲಿಲ್ಲ. ಶುಂಠಿ, ಜೇನು, ಮೂರು ಬಾಟಲಿ ಸಿರಪ್ ಮುಗಿಸಿದೆ. ಒಂದಿನ ಕರಿಹಲಗೆ ಮುಂದೆ ಕೆಮ್ಮುತ್ತಾ ಎಡಪಕ್ಕೆ ಹಿಡಿದು ಕೂತವಳಿಗೆ ಏಳೋಕಾಗಲಿಲ್ಲ. ಪಕ್ಕೆಲುಬು ಬಿರುಕು ಬಿಟ್ಟಿತ್ತು! ಅಜಿತ್ರೋಮೈಸಿನ್ ಅನ್ನೋ ಆ್ಯಂಟಿಬಯೋಟಿಕ್ ಮಾತ್ರೆ ಐದು ದಿನ ತಗೊಂಡೆ. ಆಮೇಲೂ ಎರಡು ತಿಂಗಳು ಕೆಮ್ಮಿದೆ. ತಡವಾಗಿ ಶುರು ಮಾಡಿದರೆ ಮಾತ್ರೆಯಿಂದ ಕೆಮ್ಮು ನಿಲ್ಲಲ್ಲ, ಬೇರೆಯವರಿಗೆ ಹರಡೋದು ನಿಲ್ಲುತ್ತೆ.

ಮೈಸೂರಿನ ತಾಯಿ: ಅಕ್ಕಾ, ದಯವಿಟ್ಟು ಹಗುರವಾಗಿ ತಗೋಬೇಡಿ. ನಮ್ಮ ಮಾವನವರದ್ದು ಬೀಡಿ ಕೆಮ್ಮು ಅಂದ್ಕೊಂಡಿದ್ವಿ, ಅದು ನಾಯಿಕೆಮ್ಮು, ಮಗುವಿಗೂ ಅಂಟಿತು. ಮಗು 40 ದಿನದ್ದು, ಒಂದು ಸಲವೂ ಕೆಮ್ಮಲಿಲ್ಲ. ಹಾಲು ಕುಡೀತಾ ಕುಡೀತಾ ಸುಮ್ಮನಾಯ್ತು, ನೋಡಿದರೆ ತುಟಿ ನೀಲಿ. ಒಂಬತ್ತು ದಿನ ಐಸಿಯುನಲ್ಲಿತ್ತು. ಈಗ ಚೆನ್ನಾಗಿದೆ.

ನಿವೃತ್ತ ಆರೋಗ್ಯ ಸಹಾಯಕಿ: ಮಗುವಿಗೆ 6, 10, 14ನೇ ವಾರ ಪೆಂಟಾ (ಐದು ಕಾಯಿಲೆಗೆ ಒಂದೇ ಲಸಿಕೆ) ಹಾಕ್ತೀವಿ, ಒಂದೂವರೆ ವರ್ಷಕ್ಕೆ, ಐದು ವರ್ಷಕ್ಕೆ ಡಿಪಿಟಿ. ಎರಡರಲ್ಲೂ ನಾಯಿಕೆಮ್ಮಿನ ಲಸಿಕೆ ಇರುತ್ತೆ. ಆಮೇಲೆ 10ಕ್ಕೆ, 16ಕ್ಕೆ ಹಾಕೋ ಟಿಡಿ ಧನುರ್ವಾಯು, ಗಂಟಲಮಾರಿಗೆ ಮಾತ್ರ, ಅದರಲ್ಲಿ ನಾಯಿಕೆಮ್ಮಿನ ಲಸಿಕೆ ಇರಲ್ಲ. ಹಾಕಿದ್ದರ ಶಕ್ತಿ ಕೆಲವೇ ವರ್ಷದಲ್ಲಿ ಇಳಿದುಹೋಗುತ್ತೆ. ಹಾಗಾಗಿ ದೊಡ್ಡವರಿಗೆ ಬರೋದರಲ್ಲಿ ಆಶ್ಚರ್ಯ ಇಲ್ಲ. ನನ್ನ ಸರ್ವಿಸ್‌ನಲ್ಲಿ ದೊಡ್ಡವರ ಹೆಸರಿನ ಮುಂದೆ ನಾಯಿಕೆಮ್ಮು ಅಂತ ಬರೆದದ್ದು ನೆನಪೇ ಇಲ್ಲ. ಲೆಕ್ಕಕ್ಕೇ ಸಿಗದ ಕಾಯಿಲೆಗೆ ಸರ್ಕಾರ ತಾನೇ ಏನು ಮಾಡೀತು!

ಮೊದಲ ಲಸಿಕೆ ಬೀಳೋವರೆಗೆ ಮಗುವಿಗೆ ತಾಯಿಯಿಂದ ಬಂದದ್ದೇ ರಕ್ಷಣೆ. ನಿಮ್ಮ ತಂಗಿಗೆ 27ರಿಂದ 36ನೇ ವಾರದೊಳಗೆ ಟಿಡಾಪ್ (ನಾಯಿಕೆಮ್ಮಿಗೂ ಸೇರಿದ ದೊಡ್ಡವರ ಲಸಿಕೆ) ಹಾಕಿಸೋ ಬಗ್ಗೆ ಅವರ ಡಾಕ್ಟರನ್ನ ಕೇಳಿ. ಸರ್ಕಾರಿ ಆಸ್ಪತ್ರೇಲಿ ಕೊಡೋದು ಟಿಡಿ, ಇದು ಬೇರೆ, ಖಾಸಗಿಯಲ್ಲಿ ದುಡ್ಡು ಕೊಟ್ಟು ಹಾಕಿಸಬೇಕು. ಪ್ರತಿ ಬಸಿರಿಗೂ ಬೇಕು. ನಿಮ್ಮ ವಿಷಯಕ್ಕೆ ಬಂದರೆ, ಕೆಮ್ಮು ಶುರುವಾಗಿ ಮೂರು ವಾರ ದಾಟಿದರೆ ಸಾಮಾನ್ಯವಾಗಿ ಹರಡಲ್ಲ. ಆದರೆ ಅಷ್ಟರಲ್ಲಿ ಮನೇಲಿ ಯಾರಿಗೆ ಅಂಟಿಸಿದ್ದೀರಿ, ನೋಡ್ಕೊಳ್ಳಿ.

ಕೇಳಿದವರು: ಅಮ್ಮ ಹತ್ತು ದಿನದಿಂದ ಕೆಮ್ಮುತ್ತಿದ್ದಾರೆ, ಧೂಳು ಅಂತಿದ್ರು. ಬಾಣಂತನ ಮಾಡೋರು ಅವರೇ. ನಾಳೆ ಬೆಳಿಗ್ಗೆನೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ.