ಇಪ್ಪತ್ತು ಪರ್ಸೆಂಟ್ ಯಾವುದರದ್ದು?

ದೊಡ್ಡಪ್ಪ (ಫಾರ್ವರ್ಡ್): ಪೆಟ್ರೋಲ್‌ಗೆ 20% ಎಥೆನಾಲ್! ಭಾರತದ ತೈಲ ಆಮದಿನಲ್ಲಿ ಐದನೇ ಒಂದು ಪಾಲು ಉಳಿತಾಯ!! ಎಲ್ಲರಿಗೂ ಕಳಿಸಿ 🙏

ಸುಮಕ್ಕ: ದೊಡ್ಡಪ್ಪ, ಆ 20 ಪೆಟ್ರೋಲಿಂದು, ಕಚ್ಚಾ ತೈಲದ್ದಲ್ಲ. 2023–24ರಲ್ಲಿ ದೇಶ ಖರ್ಚು ಮಾಡಿದ ಪೆಟ್ರೋಲಿಯಂ ಉತ್ಪನ್ನ ಸುಮಾರು 233 ದಶಲಕ್ಷ ಟನ್. ಅದರಲ್ಲಿ ಡೀಸೆಲ್ಲೇ 90ರ ಹತ್ತಿರ. ಪೆಟ್ರೋಲ್ ಬರೀ 37.

ಚಿಕ್ಕಪ್ಪ: 37ರಲ್ಲಿ ಐದನೇ ಒಂದು ಅಂದ್ರೂ ಏಳರ ಮೇಲಾಯ್ತಲ್ಲ.

ಸುಮಕ್ಕ: ಆಗಲ್ಲ ಚಿಕ್ಕಪ್ಪ. ಲೀಟರ್ ಪೆಟ್ರೋಲ್ ಉರಿದ್ರೆ ಸುಮಾರು 32 ಮೆಗಾಜೂಲ್ ಶಾಖ, ಲೀಟರ್ ಎಥೆನಾಲ್‌ಗೆ 21. ಆ ಲೆಕ್ಕದಲ್ಲಿ ಏಳು ಚಿಲ್ಲರೆ ಇಳಿದು 5ಕ್ಕೆ ಬರತ್ತೆ. 233ರಲ್ಲಿ 5 ಅಂದ್ರೆ ಶೇ 2.

ಚಿಕ್ಕಪ್ಪ: ಅದು ಕಮ್ಮೀನಾ? ನಮ್ಮ ನೆಲ, ಸಮುದ್ರ ಎರಡೂ ಸೇರಿ ವರ್ಷಕ್ಕೆ ಕೊಡೋ ಕಚ್ಚಾ ತೈಲವೇ 29 ದಶಲಕ್ಷ ಟನ್ ಆಸುಪಾಸು. ಅದರ ಆರನೇ ಒಂದು ಪಾಲು ಬಾವಿ ತೋಡದೆ ಸಿಕ್ತು ಅಂದ್ಕೋ.

ಸುಮಕ್ಕ: ಅದನ್ನ ಒಪ್ಕೋತೀನಿ. ಆದ್ರೆ ಕಚ್ಚಾ ತೈಲ ತರೋ ಹಡಗು ಕಮ್ಮಿ ಆಗತ್ತೆ ಅಂತಿಲ್ಲ. ರಿಫೈನರೀಲಿ ಪೆಟ್ರೋಲ್, ಡೀಸೆಲ್ ಒಟ್ಟಿಗೇ ಬರೋದು. ಡೀಸೆಲ್ ಬೇಕು ಅಂದ್ರೆ ಅಷ್ಟೇ ಕಚ್ಚಾ ತೈಲ ತರಿಸ್ಬೇಕು. ಉಳಿದ ಪೆಟ್ರೋಲ್ ರಫ್ತಾಗತ್ತೆ. ಡಾಲರ್ ವಾಪಸ್ ಬರತ್ತೆ, ಕೊಲ್ಲಿ ದೇಶಗಳ ತೈಲ ಹಡಗು ದಾಟಿ ಬರೋ ಹಾರ್ಮುಜ್ ಜಲಸಂಧಿ ಮೇಲಿನ ಅವಲಂಬನೆ ಹಾಗೇ ಇರತ್ತೆ. ಇನ್ನು ಎಥೆನಾಲ್‌ಗೆ ಮೆಕ್ಕೆಜೋಳ, ಮೆಕ್ಕೆಜೋಳಕ್ಕೆ ಯೂರಿಯಾ, ಯೂರಿಯಾಗೆ ಆಮದು ಗ್ಯಾಸು, ಆ ಲೆಕ್ಕ ಬೇರೆ.

ದೊಡ್ಡಪ್ಪ: ಡೀಸೆಲ್‌ಗೂ ಎಥೆನಾಲ್ ಬೆರೆಸಿದ್ರಾಯ್ತಲ್ಲಮ್ಮ.

ಸುಮಕ್ಕ: ಸರಿಯಾಗಿ ಬೆರೆಯಲ್ಲ ದೊಡ್ಡಪ್ಪ. ಚೂರು ನೀರಿನಂಶ ಇದ್ರೆ, ಇಲ್ಲ ಚಳಿ ಬಿದ್ರೆ, ಬೇರೆಯಾಗಿ ನಿಲ್ಲತ್ತೆ. ಸೀಟೇನ್ ಸಂಖ್ಯೆ, ಅಂದ್ರೆ ಇಂಜಿನ್ನಲ್ಲಿ ಡೀಸೆಲ್ ಎಷ್ಟು ಬೇಗ ತಾನಾಗೇ ಹೊತ್ಕೊಳ್ಳತ್ತೆ ಅನ್ನೋ ಅಳತೆ, ಬೀಳತ್ತೆ. ಅದಕ್ಕಿಂತ ಮುಖ್ಯ, ಮಿಶ್ರಣ 13 ಡಿಗ್ರಿ ಆಸುಪಾಸಲ್ಲೇ ಕಿಡಿಗೆ ಹೊತ್ಕೊಳ್ಳತ್ತೆ. ಪೆಟ್ರೋಲ್ ಟ್ಯಾಂಕಿನ ಒಳಗೆ ಆವಿ ಎಷ್ಟು ದಟ್ಟ ಅಂದ್ರೆ ಉರಿಯೋಕೆ ಗಾಳಿ ಸಾಲಲ್ಲ. ಈ ಮಿಶ್ರಣದ ಟ್ಯಾಂಕಲ್ಲಿ ಗಾಳಿ-ಆವಿ ಉರಿಯೋಕೆ ಸರಿಯಾಗಿ ಹೊಂದ್ಕೊಂಡಿರತ್ತೆ, ಕಿಡಿ ಬಿದ್ರೆ ಅಪಾಯ.

ಕಿಟ್ಟಿ: ಹಾಗಾದ್ರೆ ಬಾವಿ ತೋಡೋದೇ ದಾರಿ. ರಾಜಸ್ಥಾನದಲ್ಲಿ ಇದೆಯಲ್ಲ?

ಚಿಕ್ಕಪ್ಪ: ಇದೆ ಕಣೋ. ಬಾರ್ಮೇರ್‌ನ ಮಂಗಳಾ ತೈಲ ನಿಕ್ಷೇಪ 2004ರಲ್ಲಿ ಸಿಕ್ತು, ಎಣ್ಣೆ ಹೊರಗೆ ಬಂದದ್ದು 2009ಕ್ಕೆ. ಅದೂ ಮೇಣದಂಥ ಎಣ್ಣೆ, ಆರಿದ್ರೆ ಪೈಪಲ್ಲೇ ಹೆಪ್ಪುಗಟ್ಟತ್ತೆ. ಗುಜರಾತಿನ ಕರಾವಳಿವರೆಗೆ 670 ಕಿ.ಮೀ. ಆಸುಪಾಸು ಪೈಪು, ಉದ್ದಕ್ಕೂ 65 ಡಿಗ್ರಿ ಮೇಲೆ ಬಿಸಿ ಇಟ್ಟೇ ಸಾಗಿಸೋದು.
ಆಮೇಲೆ ನೆಲದೊಳಗಿನ ಒತ್ತಡ ಇಳೀದೇ ಇರೋ ಹಾಗೆ, ಎಣ್ಣೆನ ಬಾವಿ ಕಡೆ ತಳ್ಳೋಕೆ ನೀರು ತುಂಬ್ತಾರೆ. ಎಣ್ಣೆ ಮಂದ, ನೀರು ತೆಳು. ತಳ್ಳೋದು ಬಿಟ್ಟು ಸಂದು ಮಾಡ್ಕೊಂಡು ನೀರೇ ಮುಂದೆ ಓಡತ್ತೆ, ಬಾವೀಲಿ ಎಣ್ಣೆಗಿಂತ ನೀರೇ ಜಾಸ್ತಿ ಮೇಲೆ ಬರತ್ತೆ. ಅದಕ್ಕೇ ಪಾಲಿಮರ್ ಕಲಸಿ ನೀರನ್ನ ಗಂಜಿ ಹಾಗೆ ಮಂದ ಮಾಡ್ತಾರೆ. ನಲ್ಲಿ ತಿರುಗಿಸಿದ ಹಾಗಲ್ಲ.

ಅತ್ತಿಗೆ: ಇದೆಲ್ಲ ಇರಲಿ. ಹಳೇ ಸ್ಕೂಟರ್‌ಗೆ ಈ 20ರದ್ದು ಹಾಕಬಹುದೋ ಬೇಡವೋ ಹೇಳಿ ಮೊದ್ಲು.

ಸುಮಕ್ಕ: ಓಡತ್ತೆ ಅತ್ತಿಗೆ. ಮೈಲೇಜ್ ಹೋಗತ್ತೆ: ನೀತಿ ಆಯೋಗದ 2021ರ ವರದೀಲಿ ಹಳೇ ದ್ವಿಚಕ್ರ ವಾಹನಕ್ಕೆ ಶೇ 3–4 ಅಂತಿದೆ. ಹಳೇ ನೈಟ್ರೈಲ್ ರಬ್ಬರಿನ ಹೋಸು, ಓ-ರಿಂಗು ಉಬ್ಬಿ, ಆಮೇಲೆ ಬಿರಿದು ಸೋರಬಹುದು. ಬದಲಾಯಿಸುವಾಗ ಎಥೆನಾಲ್ ತಡ್ಕೊಳ್ಳೋ ವಿಟಾನ್ ರಬ್ಬರಿಂದು ಹಾಕ್ಸಿ. ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಕಾರ್ಬುರೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲೋ ಬೌಲಿನ ಡ್ರೈನ್ ಸ್ಕ್ರೂ ಬಿಚ್ಚಿ ಖಾಲಿ ಮಾಡಿಡಿ. ಎಥೆನಾಲ್ ನೀರು ಹೀರ್ಕೊಂಡು ತಳಕ್ಕೆ ಇಳಿದ್ಮೇಲೆ ಗಾಡಿ ಅಲ್ಲಾಡಿಸಿದ್ರೆ ಮತ್ತೆ ಬೆರೆಯಲ್ಲ, ಪೂರ್ತಿ ಬಸಿದೇ ತೆಗೀಬೇಕು.

ದೊಡ್ಡಪ್ಪ: ಸರಿ. ಐದನೇ ಒಂದು ಅನ್ನೋದನ್ನ ಐವತ್ತನೇ ಒಂದು ಅಂತ ತಿದ್ದಿ ಕಳಿಸ್ತೀನಿ.

ಕಿಟ್ಟಿ: ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ ದೊಡ್ಡಪ್ಪ 😄