ಒಂದೇ ಉಲನ್, ಒಂದೇ ಕೈ: ಆನೆ ಗೊಂಬೆ ಸಡಿಲ, ಸ್ವೆಟರ್ ಬಿಗಿ. ಯಾಕೆ?

ಮಾಳಮಡ್ಡಿ_ಉಲನ್
ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಬರೆಯುತ್ತಿದ್ದೇನೆ. ಹೆಣಿಗೆ ನನಗೆ ಹವ್ಯಾಸ ಅಷ್ಟೆ, ಮಾರುವುದಕ್ಕೆ ಮಾಡುವುದಿಲ್ಲ. ಅಕ್ಕನ ಮಗಳಿಗೆ ಐದು ತುಂಬುತ್ತದೆ. ಅವಳಿಗೆ ಒಂದು ಸೆಟ್ ಅಂತ ಆನೆ ಗೊಂಬೆ, ಟೋಪಿ, ಸ್ವೆಟರ್ ಮೂರನ್ನೂ ಒಂದೇ ಬೂದು ಉಲನ್‌ನಲ್ಲಿ ಹೆಣೆದೆ. ಅಕ್ರಿಲಿಕ್ ದಾರ. ಹುಬ್ಬಳ್ಳಿ ದುರ್ಗದಬೈಲ್ ಹತ್ತಿರ ಒಟ್ಟಿಗೇ ತಂದದ್ದು, ಒಂದೇ ಲಾಟ್.

ಮೂರೂ ಮುಗಿದಿವೆ. ಆದರೆ ಒಂದೊಂದು ಒಂದೊಂದು ತರಹ ಬಂದಿವೆ.

ಆನೆಯ ಮೈ ಪೂರ್ತಿ ಸಡಿಲ. ಹತ್ತಿ ತುಂಬಿದ ಮೇಲೆ ಕುಣಿಕೆಗಳ ನಡುವಿನಿಂದ ಬಿಳಿ ಇಣುಕುತ್ತದೆ. ತಲೆ ಒಂದು ಕಡೆ ವಾಲುತ್ತದೆ. ಪ್ಯಾಟರ್ನ್‌ನಲ್ಲಿ ಹೇಳಿದ್ದಕ್ಕಿಂತ ದೊಡ್ಡದೂ ಆಗಿದೆ.

ಸ್ವೆಟರ್ ಅದಕ್ಕೆ ಪೂರ್ತಿ ಉಲ್ಟಾ. ಎದೆ ಸುತ್ತಳತೆ 26 ಇಂಚು ಬರಬೇಕಿತ್ತು, 21 ಚಿಲ್ಲರೆ ಬಂದಿದೆ. ಹುಡುಗಿಯ ಎದೆಯೇ 23 ಇಂಚು. ಮುಟ್ಟಿದರೆ ರಟ್ಟಿನ ಹಾಗೆ ಗಟ್ಟಿ. ವಿಚಿತ್ರ ಅಂದರೆ ಉದ್ದ ಮಾತ್ರ ಸರಿಯಾಗಿದೆ.

ಟೋಪಿಯದ್ದು ಏನೂ ತಕರಾರಿಲ್ಲ. ಅಳತೆ ಹಾಕಿದ ಹಾಗೆ ಕೂರುತ್ತದೆ.

ಕುಣಿಕೆಗಳನ್ನು ಮತ್ತೆ ಎಣಿಸಿ ನೋಡಿದ್ದೇನೆ, ಲೆಕ್ಕ ತಪ್ಪಿಲ್ಲ. ಏನಿರಬಹುದು? ಬಿಚ್ಚದೆ ಸರಿ ಮಾಡುವ ದಾರಿ ಇದ್ದರೆ ಹೇಳಿ.

ಹಾವೇರಿ_ಕ್ರೋಶಾ
ಸ್ವೆಟರ್ ಹೆಣೆಯುವಾಗ ನಿಮ್ಮ ಕೈ ಬಿಗಿಯಾಗಿರಬೇಕು. ಟಿವಿ ನೋಡುತ್ತಾ ಹೆಣೆದರೆ ಹಾಗಾಗುತ್ತದೆ. ನನಗೂ ಧಾರಾವಾಹಿ ಜೋರಾದರೆ ದಾರ ಜೋರಾಗಿಯೇ ಎಳೆಯುತ್ತದೆ ಕೈ 😄

ಉಣಕಲ್_ಬುಟ್ಟಿ
ಇಷ್ಟಕ್ಕೆಲ್ಲ ಯಾಕೆ ಚಿಂತೆ? ಒದ್ದೆ ಬಟ್ಟೆ ಹಾಸಿ, ಬಿಸಿ ಇಸ್ತ್ರಿ ಇಟ್ಟು, ಎರಡೂ ಕಡೆ ಎಳೆಯಿರಿ. ಅಗಲ ಆಗುತ್ತದೆ. ನಮ್ಮ ಕಾಕೂ ಹಾಗೇ ಮಾಡುತ್ತಿದ್ದರು.

ಗದಗಿನ_ವೈನಿ
ಇಸ್ತ್ರಿ ಪೆಟ್ಟಿಗೆ ದೂರ ಇಡು ತಂಗಿ. ಕಾಕೂ ಅವರದ್ದು ನಿಜವಾದ ಉಣ್ಣೆ ಇದ್ದಿರಬೇಕು. ಉಣ್ಣೆಯನ್ನು ಒದ್ದೆ ಮಾಡಿ ಎಳೆದು ಪಿನ್ ಹಾಕಿ ಒಣಗಿಸಿದರೆ ಹಾಗೇ ನಿಲ್ಲುತ್ತದೆ. ಅಕ್ರಿಲಿಕ್ ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಬಿಸಿ ಜಾಸ್ತಿಯಾದರೆ ದಾರದ ಜೀವ ಹೋಗಿ ಬಟ್ಟೆ ಜೋಲು ಬೀಳುತ್ತದೆ, ಹೊಳೆಯಲು ಶುರುವಾಗುತ್ತದೆ. ಮತ್ತೆ ಮೊದಲಿನ ಹಾಗೆ ಆಗುವುದೇ ಇಲ್ಲ. ಶಾಲಿಗಾದರೆ ಬೇಕೆಂದೇ ಹೀಗೆ ಮಾಡುವವರಿದ್ದಾರೆ, ಸ್ವೆಟರಿಗೆ ಬೇಡ.

ಕೈ ಬಿಗಿ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಕೈ ಬಿಗಿಯಾಗಿದ್ದರೆ ಆನೆಯೂ ಗಟ್ಟಿ ಬರಬೇಕಿತ್ತು, ಅಲ್ವಾ? ಆನೆ ಸಡಿಲ, ಟೋಪಿ ಸರಿ, ಸ್ವೆಟರ್ ಬಿಗಿ. ಇದು ಕೈಯ ಕೆಲಸ ಅಲ್ಲ, ಕಡ್ಡಿಯ ಕೆಲಸ. ಮೂರಕ್ಕೂ ಯಾವ ನಂಬರ್ ಕಡ್ಡಿ ಹಿಡಿದಿದ್ದೆ? ಪ್ಯಾಟರ್ನ್ ಎಲ್ಲಿಯದು?

ಮಾಳಮಡ್ಡಿ_ಉಲನ್
ಪ್ಯಾಟರ್ನ್‌ನಲ್ಲಿ ಇದ್ದದ್ದೇ ಹಿಡಿದೆ ವೈನಿ. ಆನೆಗೆ 6, ಟೋಪಿಗೆ 7, ಸ್ವೆಟರಿಗೆ 8. ಕಡ್ಡಿ ಹುಬ್ಬಳ್ಳಿಯಲ್ಲೇ ತಗೊಂಡದ್ದು. ಪ್ಯಾಟರ್ನ್ ಮೂರೂ ಅಮೆರಿಕದವರದು, ನೆಟ್‌ನಿಂದ ಇಳಿಸಿಕೊಂಡದ್ದು.

ಗದಗಿನ_ವೈನಿ
ಸಿಕ್ಕಿತು ನೋಡು.

ಅಮೆರಿಕದ ನಂಬರ್ ಬೇರೆ, ನಮ್ಮ ಅಂಗಡಿಯ ನಂಬರ್ ಬೇರೆ. ನಮ್ಮದು ಹಳೆಯ ಬ್ರಿಟಿಷ್ ಲೆಕ್ಕ. ಅದರಲ್ಲಿ ನಂಬರ್ ಏರಿದ ಹಾಗೆ ಕಡ್ಡಿ ಸಣ್ಣದಾಗುತ್ತದೆ. ಅಮೆರಿಕದ್ದರಲ್ಲಿ ನಂಬರ್ ಏರಿದ ಹಾಗೆ ಕಡ್ಡಿ ದಪ್ಪವಾಗುತ್ತದೆ. ಎರಡೂ ಎದುರುಬದುರು ಹೋಗುತ್ತವೆ, ನಡುವೆ 7ರಲ್ಲಿ ಮಾತ್ರ ಕೂಡುತ್ತವೆ.

ಅಮೆರಿಕದ 6 ಅಂದರೆ 4 ಮಿಲಿಮೀಟರ್, ನಮ್ಮ 6 ಅಂದರೆ 5 ಮಿಲಿಮೀಟರ್. ಅಮೆರಿಕದ 8 ಅಂದರೆ 5, ನಮ್ಮ 8 ಅಂದರೆ 4. 7 ಮಾತ್ರ ಎರಡೂ ಕಡೆ ನಾಲ್ಕೂವರೆ. ಅದಕ್ಕೇ ನಿನ್ನ ಟೋಪಿ ಪಾಸಾಗಿದೆ! ಆನೆಗೆ ಹಿಡಿಯಬೇಕಾದ ಕಡ್ಡಿಯನ್ನು ಸ್ವೆಟರಿಗೆ ಹಿಡಿದಿದ್ದೀಯ, ಸ್ವೆಟರಿನದನ್ನು ಆನೆಗೆ.

ಇನ್ನು ಉದ್ದ ಯಾಕೆ ಸರಿ ಬಂತು ಅಂತ ಕೇಳಿದ್ದೆ. ಪ್ಯಾಟರ್ನ್ ಬರೆಯುವವರು ಅಗಲವನ್ನು ಕುಣಿಕೆಯಲ್ಲಿ ಹೇಳುತ್ತಾರೆ, ಉದ್ದವನ್ನು ಇಂಚಿನಲ್ಲಿ. "60 ಕುಣಿಕೆ ಹಾಕಿ, 9 ಇಂಚು ಆಗುವವರೆಗೆ ಹೆಣೆಯಿರಿ" ಅಂತ. ಇಂಚು ಟೇಪ್ ಹಿಡಿದು ನಿಲ್ಲಿಸಿದ್ದೀಯ, ಅದಕ್ಕೆ ಉದ್ದ ಕೆಟ್ಟಿಲ್ಲ. ಸಾಲು ಮಾತ್ರ ಜಾಸ್ತಿ ಬಿದ್ದಿರುತ್ತದೆ. ಒಂದು ಇಂಚಿಗೆ ಎಷ್ಟು ಕುಣಿಕೆ ಬಂದಿದೆ, ಎಣಿಸಿ ಹೇಳು.

ಮಾಳಮಡ್ಡಿ_ಉಲನ್
ಹೌದು! ಮುಂಭಾಗ 60, ಹಿಂಭಾಗ 60. ಪ್ಯಾಟರ್ನ್ ಪ್ರಕಾರ 4 ಇಂಚಿಗೆ 18 ಕುಣಿಕೆ ಬರಬೇಕು. ಈಗ ಎಣಿಸಿದರೆ 22 ಇವೆ.

ಗದಗಿನ_ವೈನಿ
ಲೆಕ್ಕ ಹೊಂದಿತು. ಇಂಚಿಗೆ ನಾಲ್ಕೂವರೆ ಇದ್ದರೆ 60 ಕುಣಿಕೆ ಹದಿಮೂರು ಇಂಚಿಗಿಂತ ತುಸು ಜಾಸ್ತಿ. ಇಂಚಿಗೆ ಐದೂವರೆ ಬಿದ್ದರೆ ಅದೇ 60 ಹನ್ನೊಂದಕ್ಕೂ ಮುಟ್ಟುವುದಿಲ್ಲ. ಮುಂದೆ ಹಿಂದೆ ಸೇರಿಸಿದರೆ ಹತ್ತಿರ ಹತ್ತಿರ 5 ಇಂಚು ಹೋಯಿತು.

ವೈಂಡಿಂಗ್_ಹುಬ್ಬಳ್ಳಿ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ಹೆಣಿಗೆ ಬರುವುದಿಲ್ಲ. ಅಮ್ಮ ಹೆಣೆಯುತ್ತಾರೆ, ಅವರ ಪರವಾಗಿ ಇಲ್ಲಿ ಓದುತ್ತೇನೆ. ನನ್ನದು ಪಂಪ್‌ಸೆಟ್ ಮೋಟರ್ ವೈಂಡಿಂಗ್ ಕೆಲಸ. ವೈನಿಯವರು ಹೇಳಿದ ನಂಬರ್ ನೋಡಿ ನಗು ಬಂತು. ಇದು ನಮ್ಮ ತಂತಿಯ ಗೇಜೇ! ನಾವು ಎಸ್‌ಡಬ್ಲ್ಯೂಜಿ ಅನ್ನುತ್ತೇವಲ್ಲ, ತಂತಿಯ ದಪ್ಪ ಹೇಳುವ ಬ್ರಿಟಿಷ್ ನಂಬರ್, ಅದೇ. 8 ಗೇಜ್ ತಂತಿ 4.06 ಮಿಮೀ, 10 ಗೇಜ್ 3.25. ತಂತಿಯನ್ನು ಒಂದರ ಹಿಂದೆ ಒಂದು ಸಣ್ಣ ತೂತಿನಲ್ಲಿ ಎಳೆಯುತ್ತಾ ಹೋಗುತ್ತಾರೆ. ಎಳೆದಷ್ಟೂ ತೆಳ್ಳಗೆ, ನಂಬರ್ ದೊಡ್ಡದು. ಹೆಣಿಗೆ ಕಡ್ಡಿಯೂ ಮೊದಲು ತಂತಿಯೇ ಅಲ್ವಾ.

ಅಮ್ಮನ 10ನೇ ನಂಬರ್ ಕಡ್ಡಿ ತಂದು ನಮ್ಮ ಗೇಜ್ ಪ್ಲೇಟ್‌ಗೆ ಹಾಕಿದೆ. 10ರ ಸೀಳಿನಲ್ಲಿ ಸರಿಯಾಗಿ ಕೂತಿತು. ಎಲ್ಲ ನಂಬರೂ ಹೀಗೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಕೂರುವುದಿಲ್ಲ. 6 ಗೇಜ್ ತಂತಿ 4.88, ಕಡ್ಡಿ 5. ಆದರೆ ಹತ್ತಿರ ಇರುತ್ತದೆ. ನಂಬರ್ ಅಳಿಸಿಹೋದ ಕಡ್ಡಿ ಇದ್ದರೆ ಹತ್ತಿರದ ವೈಂಡಿಂಗ್ ಅಂಗಡಿಗೆ ಹೋಗಿ, ವರ್ನಿಯರ್‌ನಲ್ಲಿ ಅಳೆದು ಕೊಡುತ್ತಾರೆ. ದುಡ್ಡೇನೂ ಕೇಳುವುದಿಲ್ಲ, ಒಂದು ಚಹಾ ಕೊಡಿಸಿ ಸಾಕು.

ಹಾವೇರಿ_ಕ್ರೋಶಾ
ಅಣ್ಣಾರ, ವೈಂಡಿಂಗ್ ಅಂಗಡಿಗೆ ಉಲನ್ ಕಡ್ಡಿ ಹಿಡಿದುಕೊಂಡು ಹೋದರೆ ಅವರು ನಗುವುದಿಲ್ಲವಾ? ಮನೆಯಲ್ಲೇ ಆಗುವ ಉಪಾಯ ಇದ್ದರೆ ಹೇಳಿ.

ವೈಂಡಿಂಗ್_ಹುಬ್ಬಳ್ಳಿ
ಇದೆ. ತೆಳ್ಳನೆಯ ಹೊಲಿಗೆ ದಾರವನ್ನು ಕಡ್ಡಿಯ ಸುತ್ತ 10 ಸುತ್ತು ಬಿಗಿಯಾಗಿ, ಒಂದರ ಪಕ್ಕ ಒಂದು ಬರುವ ಹಾಗೆ ಸುತ್ತಿ. ಬಿಚ್ಚಿ ಅಳೆಯಿರಿ. 13 ಸೆಂ.ಮೀ. ಹತ್ತಿರ ಬಂದರೆ 4 ಮಿಮೀ ಕಡ್ಡಿ. 16 ಹತ್ತಿರ ಬಂದರೆ 5 ಮಿಮೀ. ಮೊನಚಾದ ತುದಿಯ ಮೇಲೆ ಸುತ್ತಬೇಡಿ, ನಡುವೆ ಸುತ್ತಿ.

ಹಾವೇರಿ_ಕ್ರೋಶಾ
ಇದು ಚೆನ್ನಾಗಿದೆ. ನನ್ನ ಕ್ರೋಶಾ ಕಥೆಯೂ ಹೀಗೇ. ಕ್ರೋಶಾದಲ್ಲಿ ಸೂಜಿಯ ನಂಬರ್ ಅಷ್ಟೇ ಅಲ್ಲ, ಹೆಸರುಗಳೇ ಬೇರೆ. ಅಮೆರಿಕದವರು ಸಿಂಗಲ್ ಅನ್ನುವ ಗಿಡ್ಡ ಹೆಣಿಗೆಯನ್ನೇ ಬ್ರಿಟಿಷರು ಡಬಲ್ ಅನ್ನುತ್ತಾರೆ. ಜಪಾನಿನ ಅಮಿಗುರುಮಿ ಗೊಂಬೆಗಳಿಗೆ ಬೇಕಾಗುವುದು ಆ ಗಿಡ್ಡ ಹೆಣಿಗೆಯೇ. ಬ್ರಿಟಿಷ್ ಪ್ಯಾಟರ್ನ್ ನೋಡಿಕೊಂಡು ಅಮೆರಿಕದ ಡಬಲ್ ಹಾಕಿದರೆ ಗೊಂಬೆ ಪೂರ್ತಿ ಜಾಲರಿ. ಗೊಂಬೆಯಲ್ಲಿ ಹತ್ತಿ ಕಾಣುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಇದನ್ನೇ ನೋಡುವುದು.

ಮಾಳಮಡ್ಡಿ_ಉಲನ್
ಎಲ್ಲರಿಗೂ ಥ್ಯಾಂಕ್ಸ್. ಕಾರಣ ಗೊತ್ತಾಯಿತು. ಈಗ ಎರಡನ್ನೂ ಉಳಿಸಿಕೊಳ್ಳುವುದು ಹೇಗೆ ವೈನಿ? ಹುಡುಗಿಗೆ ಸ್ವೆಟರ್ ತೋರಿಸಿಬಿಟ್ಟಿದ್ದೇನೆ. ಚಳಿಗಾಲ ಬೇರೆ ಹತ್ತಿರ ಬಂತು.

ಗದಗಿನ_ವೈನಿ
ಮೊದಲು ಆನೆ, ಅದು ಸುಲಭ. ಹೊಟ್ಟೆಯ ಹೊಲಿಗೆ ಬಿಚ್ಚಿ ಹತ್ತಿ ಹೊರಗೆ ತೆಗೆ. ಬೂದು ಬಣ್ಣದ ಹಳೆಯ ಲೆಗ್ಗಿಂಗ್ಸ್ ಇದ್ದರೆ ಅದರಲ್ಲಿ ಒಂದು ಚೀಲ ಹೊಲಿ. ಆನೆಯ ಹೊಟ್ಟೆಗಿಂತ ತುಸು ದೊಡ್ಡದೇ ಇರಲಿ, ಇಲ್ಲವಾದರೆ ಮೈ ಸುಕ್ಕು ಬೀಳುತ್ತದೆ. ಚೀಲವನ್ನು ಒಳಗೆ ಕೂರಿಸಿ ಅದರೊಳಗೆ ಹತ್ತಿ ತುಂಬು. ಬಿಳಿ ಕಾಣುವ ಮಾತೇ ಇಲ್ಲ. ಸೊಂಡಿಲಿಗೂ ಕಾಲಿಗೂ ಚೀಲ ಬೇಡ. ಅಲ್ಲಿ ಹತ್ತಿಯ ಬದಲು ಅದೇ ಬೂದು ಉಲನ್ ಚೂರುಗಳನ್ನು ತುಂಬಿದರೆ ಸಾಕು. ಮಿಕ್ಕಿದ ಉಲನ್‌ಗೂ ಒಂದು ದಾರಿಯಾಯಿತು.

ತಲೆ ವಾಲುವುದು ಕುತ್ತಿಗೆಯಲ್ಲಿ ಹತ್ತಿ ಕಡಿಮೆಯಾದದ್ದಕ್ಕೆ. ಹೊಟ್ಟೆಗಿಂತ ಕುತ್ತಿಗೆ ಗಟ್ಟಿ ಇರಬೇಕು. ಸಣ್ಣ ಸಣ್ಣ ಉಂಡೆ ಮಾಡಿ ಪೆನ್ಸಿಲ್ ಹಿಂಭಾಗದಿಂದ ಒತ್ತಿ ತುಂಬು. ಒಳಗೆ ಕಡ್ಡಿ ಗಿಡ್ಡಿ ಇಡುವ ಉಪಾಯ ಯಾರಾದರೂ ಹೇಳಿಯಾರು, ಮಕ್ಕಳ ಗೊಂಬೆಗೆ ಬೇಡವೇ ಬೇಡ. ಕಣ್ಣಿಗೆ ಬಟನ್ ಹಾಕಿದ್ದರೆ ತೆಗೆದು ದಾರದಲ್ಲೇ ಕಣ್ಣು ತೆಗೆ. ಐದು ವರ್ಷದವಳು ನುಂಗಲಿಕ್ಕಿಲ್ಲ, ಆದರೆ ಗೊಂಬೆ ಅವಳ ಕೈಯಲ್ಲೇ ಉಳಿಯುತ್ತದೆ ಅಂತ ಹೇಳಲಾಗುವುದಿಲ್ಲ. ಮನೆಗೆ ಬಂದ ಚಿಕ್ಕ ಕೂಸಿನ ಬಾಯಿಗೆ ಹೋಗುತ್ತದೆ.

ಇನ್ನು ಸ್ವೆಟರ್. ತೋಳು ಯಾವ ತರಹ? ಭುಜ ಇಳಿಬಿಟ್ಟು ನೇರವಾಗಿ ಜೋಡಿಸಿದ್ದಾ?

ಮಾಳಮಡ್ಡಿ_ಉಲನ್
ಹೌದು, ನೇರ ಜೋಡಿಸಿದ್ದು. ಮುಂದೆ ಹಿಂದೆ ಬೇರೆ ಬೇರೆ ಹೆಣೆದು ಪಕ್ಕದಲ್ಲಿ ಹೊಲಿದದ್ದು. ತೋಳೂ ಬಿಗಿಯೇ. ತಲೆ ಮಾತ್ರ ಸಲೀಸಾಗಿ ಹೋಗುತ್ತದೆ.

ಗದಗಿನ_ವೈನಿ
ಹಾಗಾದರೆ ಬದುಕಿಕೊಂಡಿ. ಪಕ್ಕದ ಹೊಲಿಗೆಯನ್ನೂ ತೋಳಿನ ಕೆಳಗಿನ ಹೊಲಿಗೆಯನ್ನೂ ಬಿಚ್ಚು. ಸ್ವೆಟರ್ ಅಗಲವಾಗಿ ಹರಡಿಕೊಳ್ಳುತ್ತದೆ. ಆಮೇಲೆ ಕೆಳಗಿನ ಅಂಚಿನಿಂದ ಕಂಕುಳು, ಕಂಕುಳಿಂದ ಮಣಿಕಟ್ಟು, ಹೀಗೆ ನಡುವೆ ತುಂಡಾಗದ ಒಂದೇ ಉದ್ದನೆಯ ಪಟ್ಟಿ ಹೆಣೆ. ಎರಡು ಕಡೆಗೆ ಎರಡು ಪಟ್ಟಿ. ಕೊರತೆ 5 ಇಂಚು, ಅಂದರೆ ಒಂದೊಂದು ಪಟ್ಟಿ ಎರಡೂವರೆ ಇಂಚು. ಈಗಿರುವ 4 ಮಿಮೀ ಕಡ್ಡಿಯಲ್ಲೇ ಹೆಣೆ. 14 ಕುಣಿಕೆ, ಹೊಲಿಗೆಗೆ ಹೋಗುವುದು 2, ಒಟ್ಟು 16. ಕಂಕುಳು ದಾಟಿದ ಮೇಲೆ ತೋಳಿನ ಕಡೆ ಮೆಲ್ಲಗೆ ಕಡಿಮೆ ಮಾಡುತ್ತಾ ಮಣಿಕಟ್ಟಿನಲ್ಲಿ 6 ಉಳಿದರೆ ಸಾಕು.

ಬೂದು ಬಣ್ಣದ್ದೇ ಬೇಕಂತಿಲ್ಲ. ಹೊಸ ಲಾಟ್ ತಂದರೆ ಬಣ್ಣ ಹೇಗೂ ಕೂದಲಷ್ಟು ಬೇರೆ ಬರುತ್ತದೆ, ಆಗ ತೇಪೆ ಅಂತ ಎದ್ದು ಕಾಣುತ್ತದೆ. ಅದರ ಬದಲು ಇಳಕಲ್ ಸೀರೆಯ ಕೆಂಪಿನ ಹಾಗೆ ಗಾಢ ಬಣ್ಣ ಹಾಕು. ಬೇಕೆಂದೇ ಮಾಡಿದ್ದು ಅಂತ ಅನ್ನಿಸುತ್ತದೆ.

ಗಟ್ಟಿತನ ಪೂರ್ತಿ ಹೋಗುವುದಿಲ್ಲ. ಒಂದೆರಡು ಸಲ ಒಗೆದರೆ ತುಸು ಮೆತ್ತಗಾಗುತ್ತದೆ ಅಷ್ಟೆ. ಅದು ಸಹಿಸಲಾಗದಿದ್ದರೆ ಬಿಚ್ಚಿ 5 ಮಿಮೀಯಲ್ಲಿ ಹೊಸದಾಗಿ ಹೆಣೆಯುವುದೇ ಸರಿ. ಬಿಚ್ಚಿದ ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಕಟ್ಟಿ, ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ ನೆರಳಲ್ಲಿ ತೂಗುಹಾಕು. ಸುರುಳಿ ಬಿಡುತ್ತದೆ. ನಾನಾಗಿದ್ದರೆ ಪಟ್ಟಿಯೇ ಹಾಕುತ್ತಿದ್ದೆ. ಐದು ವರ್ಷದ ಮಕ್ಕಳಿಗೆ ಆ ಸ್ವೆಟರ್ ಎಷ್ಟು ದಿನ ಆದೀತು?

ಒಂದು ಮಾತು ಹೇಳುತ್ತೇನೆ, ಇದು ಕಡ್ಡಿ ನಂಬರ್ ಸರಿಯಾದರೂ ಬೇಕಾಗುತ್ತದೆ. ಗೊಂಬೆಯ ಬಟ್ಟೆ ಬೇರೆ, ಮೈಮೇಲೆ ಹಾಕುವ ಬಟ್ಟೆ ಬೇರೆ. ದಾರದ ಚೀಟಿಯ ಮೇಲೆ ಬರೆದ ಕಡ್ಡಿ ಸ್ವೆಟರಿಗೆ ಸರಿ. ಅದೇ ದಾರದಲ್ಲಿ ಗೊಂಬೆಯಾದರೆ ಅದಕ್ಕಿಂತ ಒಂದೆರಡು ಅಳತೆ ಸಣ್ಣ ಕಡ್ಡಿ ಹಿಡಿ, ಮಿಲಿಮೀಟರ್ ಲೆಕ್ಕದಲ್ಲಿ. ಸ್ವೆಟರಾದರೆ ಮೊದಲು 5 ಇಂಚಿನ ಒಂದು ಚೌಕ ಹೆಣೆದು, ಒಗೆದು, ಒಣಗಿಸಿ, ನಡುವಿನ 4 ಇಂಚು ಎಣಿಸು. ಗೊಂಬೆಗೆ ಈ ಚೌಕದ ತಲೆಬಿಸಿ ಬೇಡ. ಆನೆ ಅರ್ಧ ಇಂಚು ದಪ್ಪ ಆದರೆ ಯಾರು ಕೇಳುತ್ತಾರೆ?

ಮಾಳಮಡ್ಡಿ_ಉಲನ್
ಆನೆಗೆ ಚೀಲ ಹಾಕಿದೆ ವೈನಿ, ಬಿಳಿ ಪೂರ್ತಿ ಮುಚ್ಚಿತು. ಕೆಂಪು ಪಟ್ಟಿಯೂ ಒಂದು ಕಡೆ ಮುಗಿದಿದೆ, ಚೆನ್ನಾಗಿ ಕಾಣುತ್ತದೆ. ಇನ್ನೊಂದು ಪ್ರಶ್ನೆ. ಸ್ವೆಟರಿನ ಮುಂಭಾಗಕ್ಕೆ ಕಸೂತಿಯ ಗೋಪುರ ಹಾಕಬೇಕು ಅಂತಿದೆ. ಗ್ರಾಫ್ ಕಾಗದದಲ್ಲಿ ಬರೆದುಕೊಂಡು ಕುಣಿಕೆಯ ಮೇಲೆ ಕುಣಿಕೆ ಬರುವ ಹಾಗೆ ಹೊಲಿದು ನೋಡಿದೆ. ಗೋಪುರ ಕುಳ್ಳಗಾಗಿ ಹರಡಿಕೊಂಡಿದೆ.

ಗದಗಿನ_ವೈನಿ
ಕಸೂತಿಯನ್ನು ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಅಲ್ಲಿ ಮನೆ ಚೌಕ. ಹೆಣಿಗೆಯ ಕುಣಿಕೆ ಚೌಕ ಅಲ್ಲ, ಅಗಲ ಜಾಸ್ತಿ, ಎತ್ತರ ಕಡಿಮೆ. ನಿನ್ನದರಲ್ಲಿ ಹೆಚ್ಚುಕಡಿಮೆ 3 ಕುಣಿಕೆಯ ಅಗಲಕ್ಕೆ 4 ಸಾಲಿನ ಎತ್ತರ ಸಮ. ಅದಕ್ಕೆ ಗ್ರಾಫಿನಲ್ಲಿ ಪ್ರತಿ ಮೂರನೇ ಸಾಲನ್ನು ಎರಡು ಸಲ ಹೊಲಿ. ಗೋಪುರ ಎದ್ದು ನಿಲ್ಲುತ್ತದೆ.

ಅಪ್ಪಟ ಗವಂತಿಯೇ, ಅಂದರೆ ಎರಡೂ ಕಡೆ ಒಂದೇ ಹಾಗೆ ಕಾಣುವ ಕಸೂತಿ ಹೊಲಿಗೆಯೇ, ಬೇಕು ಅಂದರೆ ಕುಣಿಕೆ ಎಣಿಸಬೇಡ. ಎಣಿಸಲು ಬರುವ ಜಾಳು ಬಟ್ಟೆಯ ತುಂಡನ್ನು ಮೇಲೆ ಟಾಕಿ, ಅದರ ಎಳೆ ಎಣಿಸಿ ಹೊಲಿ. ಮುಗಿದ ಮೇಲೆ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆ. ಆದರೆ ಎದೆಯ ಮೇಲೆ ಬೇಡ. ಹೆಣಿಗೆ ಹಿಗ್ಗುತ್ತದೆ, ಗವಂತಿ ಹಿಗ್ಗುವುದಿಲ್ಲ. ಸ್ವೆಟರ್ ಹಾಕುವಾಗ ಒಂದೋ ದಾರ ಕಡಿಯುತ್ತದೆ, ಇಲ್ಲವೇ ಬಟ್ಟೆ ಮುದುಡುತ್ತದೆ. ಜೇಬು ಇದ್ದರೆ ಜೇಬಿನ ಮೇಲೆ ಹಾಕು.

ಮಾಳಮಡ್ಡಿ_ಉಲನ್
ಜೇಬು ಇಲ್ಲ. ಕೆಂಪು ಉಲನ್ ಮಿಕ್ಕಿದೆ, ಒಂದು ಹೆಣೆದು ಅಂಟಿಸುತ್ತೇನೆ.

ಉಣಕಲ್_ಬುಟ್ಟಿ
ಎರಡು ಹೆಣೆಯಿರಿ. ಒಂದೇ ಜೇಬು ಇದ್ದರೆ ಮಕ್ಕಳು ಎರಡೂ ಕೈ ಅದರಲ್ಲೇ ತುರುಕುತ್ತಾರೆ.