ಅಪ್‌ಡೇಟ್: 18 ಎಂಎಂ ಪ್ಲೈವುಡ್ ಪಕ್ಕ 12.5 ಎಂಎಂ ಜಿಪ್ಸಮ್ ಬೋರ್ಡ್, ನಡುವಿನ ಏರುಪೇರು ಹೋಯ್ತು

ಪಿ.ಜೆ. ಬಡಾವಣೆಯ ಹಳೇ ಮನೆ ಪಾರ್ಟಿಷನ್ ಗೋಡೆ ಬಗ್ಗೆ ಹಿಂದೆ ಇಲ್ಲಿ ಕೇಳಿದ್ದೆ, ಪ್ಲೈ ಮತ್ತು ಜಿಪ್ಸಮ್ ಸೇರೋ ಕಡೆ 5.5 ಎಂಎಂ ಏರುಪೇರು ಅಂತ. ಮುಗೀತು.

ಪುಟ್ಟಿ ತುಂಬಿ ಸಮ ಮಾಡಿ ಅಂದವರ ಮಾತು ನಡೀಲಿಲ್ಲ. ಅಷ್ಟು ದಪ್ಪ ಒಂದೇ ಸಲ ಬಳಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತೆ, ನಮ್ಮ ದಾವಣಗೆರೆ ಬಿಸಿಲಿಗೆ ಇನ್ನೂ ಬೇಗ.

ಕೆಲಸಕ್ಕೆ ಬಂದಿದ್ದು ಜಿಪ್ಸಮ್ ಹಿಂದೆ ಮೊದಲ ಪದರವಾಗಿ 6 ಎಂಎಂ ಸಿಮೆಂಟ್ ಫೈಬರ್ ಬೋರ್ಡ್ ಹಾಕೋ ಐಡಿಯಾ. ಹೇಳಿದ ಅಣ್ಣಂಗೆ ಥ್ಯಾಂಕ್ಸ್. ಮೊದಲ ಪದರಕ್ಕೆ 25 ಎಂಎಂ ಸ್ಕ್ರೂ, ತೂತು ಮೊದಲೇ ಕೊರೆದು. ಇಲ್ಲಾಂದ್ರೆ ಅಂಚು ಚಕ್ಕೆ ಏಳುತ್ತೆ. ಮೇಲೆ ಜಿಪ್ಸಮ್‌ಗೆ 35 ಎಂಎಂ. ಎರಡು ಪದರದ ಜಾಯಿಂಟ್ ಒಂದೇ ಸ್ಟಡ್ (ಬೋರ್ಡ್ ಕೂರಿಸೋ ಚೌಕಟ್ಟಿನ ನಿಂತ ಪಟ್ಟಿ) ಮೇಲೆ ಬರಬಾರದು, ಒಂದು ಸ್ಟಡ್ ಆಚೆಗೆ ಸರಿಸಿ. ಒಟ್ಟು 18.5 ಆಯ್ತು. ಉಳಿದ ಅರ್ಧ ಎಂಎಂ ಅನ್ನು ಜಾಯಿಂಟ್ ಕಾಂಪೌಂಡ್ ಅನ್ನೋ ಸಂದಿಗೆ ಬಳಿಯೋ ಪೇಸ್ಟ್‌ನಲ್ಲಿ ಒಂದಡಿ ಅಗಲಕ್ಕೆ ತೆಳ್ಳಗೆ ಎಳೆದರೆ ಕಣ್ಣಿಗೆ ಕಾಣಲ್ಲ ಅಂದ್ಕೊಂಡಿದ್ದೆ.

ಅಲ್ಲೇ ಪಾಠ ಆಗಿದ್ದು. ಪ್ಲೈ ತೇವಕ್ಕೆ ಹಿಗ್ಗಿ ಕುಗ್ಗುತ್ತೆ, ಜಿಪ್ಸಮ್ ಅಷ್ಟು ಅಲ್ಲ. ಪೇಪರ್ ಟೇಪ್ ಹಾಕಿದ್ದರೂ ನಾಲ್ಕೇ ದಿನಕ್ಕೆ ಕೂದಲೆಳೆ ಬಿರುಕು. ಟೇಪ್ ಕಿತ್ತು, 3 ಎಂಎಂ ಸಂದು ಬಿಟ್ಟು, ಪೇಂಟ್ ಹಿಡಿಯುವ ಅಕ್ರಿಲಿಕ್ ಸೀಲೆಂಟ್ ತುಂಬಿದ ಮೇಲೆ ಸುಮ್ಮನಾಯ್ತು. ಸಿಲಿಕೋನ್ ತಗೋಬೇಡಿ, ಪೇಂಟ್ ಕೂರಲ್ಲ.

ಇನ್ನೊಂದು: ಗೋಡೆ 6 ಎಂಎಂ ಮುಂದೆ ಬಂದಿದ್ದಕ್ಕೆ ಸ್ವಿಚ್ ಬಾಕ್ಸ್ ಒಳಗೆ ಹೋಗುತ್ತೆ. ಉದ್ದದ ಸ್ಕ್ರೂ ತಂದಿಟ್ಕೊಳ್ಳಿ.